ಬರ್ತೀನಿ ಎಂದು ಹೋದವರು

ನಮ್ಮಲ್ಲಿ ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತೇವೆ. ಬಸವನಗುಡಿಯ ಆಪ್ತಸಮಾಲೋಚಕರೊಬ್ಬರ ಕೋಣೆಯಿಂದ ನಾಲ್ಕನೇ ವಾರ ಹೊರಡುವಾಗ ನನ್ನ ಚಿಕ್ಕಮ್ಮನೂ ಹಾಗೇ ಅಂದರು. ಮತ್ತೆ ಹೋಗಲಿಲ್ಲ.

ಇಂಥವರು ಲೋಕದಲ್ಲೆಲ್ಲ ಇದ್ದಾರೆ. 2012ರಲ್ಲಿ ಸ್ವಿಫ್ಟ್ ಮತ್ತು ಗ್ರೀನ್‌ಬರ್ಗ್ ಎಂಬ ಸಂಶೋಧಕರು 669 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಮನೋಚಿಕಿತ್ಸೆಗೆ ಬಂದ 5 ಜನರಲ್ಲಿ ಸುಮಾರು ಒಬ್ಬರು ನಡುವೆಯೇ ಬಿಟ್ಟಿದ್ದರು. ಅದು ಬಂದವರ ಅಸಡ್ಡೆ ಎಂದರೆ ನಾನು ಒಪ್ಪುವುದಿಲ್ಲ.

ಚಿಕ್ಕಮ್ಮ ಮನೆಯಲ್ಲಿ ಹೇಳಿ ಹೋಗುತ್ತಿದ್ದದ್ದು ಗಾಂಧಿ ಬಜಾರಿಗೆ ಅಂತ. ಹಾಗಾಗಿ ವಾಪಸು ಬರುವಾಗ ಚೀಲದಲ್ಲಿ ಹುರುಳಿಕಾಯಿ, ಎರಡು ಮೊಳ ಸೇವಂತಿಗೆ ಇರಲೇಬೇಕು. ಕೊನೆಯ ಹತ್ತು ನಿಮಿಷ ಅವರ ಕಣ್ಣೆಲ್ಲ ಗಡಿಯಾರದ ಮೇಲೆ. ಮೆಟ್ಟಿಲಿಳಿಯುವಾಗ ಗುರುತಿನವರು ಸಿಕ್ಕರೆ ಏನು ಹೇಳುವುದು ಎಂಬ ದಿಗಿಲು ಬೇರೆ. 1898ರ ಪ್ಲೇಗಿನ ಕಾಲದಲ್ಲಿ ಎದ್ದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳಬರಿಗೆಲ್ಲ ತಲೆಮಾರುಗಳ ಪರಿಚಯ. ಗುಟ್ಟು ನಿಲ್ಲುವ ಜಾಗಗಳಲ್ಲ ಅವು.

ಆದರೆ ಅವರು ಬಿಟ್ಟದ್ದು ಅದಕ್ಕೂ ಅಲ್ಲ. ವರ್ಷ ಕಳೆದ ಮೇಲೆ ಹೇಳಿದರು: ‘ಪ್ರತಿಸಲ ನಿಮಗೆ ಏನನ್ಸುತ್ತೆ ಅಂತಲೇ ಕೇಳೋರು ಕಣೋ. ಏನು ಮಾಡ್ಬೇಕು ಅಂತ ಹೇಳ್ಲೇ ಇಲ್ಲ. ಅಷ್ಟು ಒಳ್ಳೆಯವರ ಮುಂದೆ ಪ್ರಯೋಜನ ಆಗ್ತಿಲ್ಲ ಅಂತ ಹೇಗೆ ಹೇಳ್ಲಿ?’

ಈ ದಾಕ್ಷಿಣ್ಯವೇ ನನ್ನ ಮಟ್ಟಿಗೆ ದೊಡ್ಡ ಕಾರಣ. ಹಿರಿಯರು ಬುದ್ಧಿ ಹೇಳಬೇಕು, ಡಾಕ್ಟರು ಚೀಟಿ ಬರೆಯಬೇಕು. ನಮಗೆ ರೂಢಿಯಾದ ಉಪಚಾರ ಇವೆರಡೇ. ಗುರು-ಶಿಷ್ಯ ಸಂಬಂಧ ನಮ್ಮ ಚಿಕಿತ್ಸೆಗೆ ಮಾದರಿಯಾಗಬಹುದೇ ಎಂದು ಮನೋವೈದ್ಯ ಜೆ. ಎಸ್. ನೇಕಿ 1973ರಲ್ಲೇ ಚರ್ಚಿಸಿದ್ದರು. ಆದರೆ ಗುರುವಿಗೆ ಎದುರಾಡಬಾರದು ಎಂಬುದೂ ಆ ಸಂಬಂಧದೊಳಗೇ ಇದೆಯಲ್ಲ. ಬೇಡ ಎನ್ನಲು ಬಾಯಿ ಬಾರದವರು ಬರುವುದನ್ನೇ ನಿಲ್ಲಿಸುತ್ತಾರೆ. ಫೀಸು ಭರಿಸಲಾಗದೆ ಬಿಟ್ಟವರು ಇದ್ದಾರೆ, ಮನಸ್ಸು ಹಗುರಾಯಿತೆಂದು ಬಿಟ್ಟವರೂ ಇದ್ದಾರೆ. ಯಾರು ಯಾಕೆ ಬಿಟ್ಟರೆಂದು ಕೇಳದೆ ತಿಳಿಯುವುದಿಲ್ಲ.

ಕೇಳುವ ಹೊಣೆ ಸಮಾಲೋಚಕರದ್ದು. ‘ಇದು ಹಿಡಿಸದಿದ್ದರೆ ನನಗೇ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ’ ಎಂದು ಮೊದಲ ದಿನವೇ ಕನ್ನಡದಲ್ಲಿ ಹೇಳಲಿ, ಮೂರನೇ ವಾರ ಮತ್ತೆ ಕೇಳಲಿ. ಬಾರದಿದ್ದರೆ ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಫೋನು ಮಾಡಬಹುದೆಂದು ಮೊದಲೇ ಬರೆದಿಟ್ಟುಕೊಳ್ಳಲಿ.

ನಡುವೆ ಬಿಟ್ಟವರು ನೀವಾಗಿದ್ದರೆ, ಒಮ್ಮೆ ಹೋಗಿ ಹಿಡಿಸಲಿಲ್ಲ ಎಂದೇ ಹೇಳಿ. ಆ ಮೆಟ್ಟಿಲು ಹತ್ತಲು ಮನಸ್ಸಿಲ್ಲವೇ? ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.