ಬಾಗಿಲಿಗೆ ಪತ್ರಿಕೆ ತರುವವರು

ಆಗಸ್ಟ್ 29 ರಂದು ಶಿವಾಜಿನಗರದ ಸಂತ ಮೇರಿ ಬೆಸಿಲಿಕದಲ್ಲಿ ಧ್ವಜಾರೋಹಣವಾದ ಮೇಲೆ, ಸೆಪ್ಟೆಂಬರ್ 8 ರ ಮಾತೆ ಮರಿಯಮ್ಮನವರ ಜನನೋತ್ಸವದವರೆಗೆ ನಮ್ಮ ಕುಟುಂಬಗಳು ಪ್ರಾರ್ಥನೆಯಲ್ಲಿ ಮಗ್ನವಾಗಿರುತ್ತವೆ. ಈ ದಿನಗಳ ನಡುವೆಯೇ ಸೆಪ್ಟೆಂಬರ್ 4, ಪತ್ರಿಕಾ ವಿತರಕರ ದಿನ, ಸದ್ದಿಲ್ಲದೆ ಬಂದು ಹೋಗುತ್ತದೆ. 1833 ರಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆಯನ್ನು ಮಾರಲು ಬಾರ್ನಿ ಫ್ಲಾಹರ್ಟಿ ಎಂಬ ಹತ್ತು ವರ್ಷದ ಬಾಲಕ ಕೆಲಸಕ್ಕೆ ಸೇರಿದ ನೆನಪಿಗೆ ಈ ದಿನವನ್ನು ಗುರುತಿಸಲಾಗಿದೆ. ಕರ್ನಾಟಕದ ವಿತರಕರೂ ಇದನ್ನು ಆಚರಿಸುತ್ತಾರೆ. ಪತ್ರಿಕೆ ಓದುವ ನಾವು ಮಾತ್ರ ಅರಿಯೆವು.

ಯಲಹಂಕದಿಂದಲೋ ಆರ್.ಟಿ. ನಗರದಿಂದಲೋ ನಸುಕಿನ ಬಲಿಪೂಜೆಗೆ ಹೊರಡುವವರು ದಾರಿಯಲ್ಲಿ ಇವರನ್ನು ಕಂಡೇ ಇರುತ್ತಾರೆ. ಮುಚ್ಚಿದ ಅಂಗಡಿಯೊಂದರ ಜಗಲಿ, ಬೀದಿದೀಪದ ಬೆಳಕು, ವ್ಯಾನಿನಿಂದ ಇಳಿದ ಕಟ್ಟುಗಳು. ಪುರವಣಿಗಳನ್ನೂ ಕರಪತ್ರಗಳನ್ನೂ ಒಂದೊಂದಾಗಿ ಒಳಗೆ ಸೇರಿಸಿ, ಬೀದಿವಾರು ಎಣಿಸಿ, ಸೈಕಲ್ಲಿಗೋ ಸ್ಕೂಟರಿಗೋ ಹೇರಿಕೊಂಡು ಹೊರಡುವಾಗ ಊರು ಇನ್ನೂ ಮಲಗಿರುತ್ತದೆ. ಮಳೆಯಲ್ಲಿ ಪತ್ರಿಕೆ ನೆನೆದರೆ ಮನೆಯವರ ಗದರಿಕೆ ಅವರ ಪಾಲಿಗೆ; ತಾವು ನೆನೆದದ್ದನ್ನು ವಿಚಾರಿಸುವವರಿಲ್ಲ.

ಈ ವೃತ್ತಿಯ ಲೆಕ್ಕಾಚಾರವೂ ಕಠಿಣವಾದುದು. ಏಜೆಂಟರು ಪತ್ರಿಕಾ ಸಂಸ್ಥೆಗೆ ಹಣ ಸಲ್ಲಿಸಲೇಬೇಕು. ತಿಂಗಳ ಬಿಲ್ಲಿಗೆ ‘ಚಿಲ್ಲರೆ ಇಲ್ಲ, ನಾಳೆ ಬಾ’ ಎನ್ನುವ ಮನೆಗಳಿವೆ, ಬಾಕಿ ಉಳಿಸಿ ಮನೆ ಖಾಲಿ ಮಾಡಿದವರಿದ್ದಾರೆ. ಆ ನಷ್ಟವು ಅವರ ಅಲ್ಪ ಕಮಿಷನ್ನಿನಿಂದಲೇ ಕಳೆಯುತ್ತದೆ. 2008 ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ತರುವಾಯ ಹೆಬ್ಬಾಳದಿಂದ ಯಲಹಂಕದವರೆಗೆ ಎತ್ತರದ ವಸತಿ ಸಮುಚ್ಚಯಗಳು ಬೆಳೆದು ನಿಂತಿವೆ. ಕೆಲವೆಡೆ ಪತ್ರಿಕೆಯವರು ಲಿಫ್ಟ್ ಬಳಸಕೂಡದೆಂಬ ಕಟ್ಟಳೆಯಿದೆ ಎಂದು ಕೇಳಿದಾಗ ನಾಚಿಕೆಯಾಯಿತು.

2016 ರ ಕಾನೂನು ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು, ಕುಟುಂಬದ ಸ್ವಂತ ಕಸುಬಿನಂತಹ ಕೆಲವನ್ನು ಹೊರತುಪಡಿಸಿ, ನಿಷೇಧಿಸಿದೆ. ಇದು ಸ್ವಾಗತಾರ್ಹವೇ. ಆದುದರಿಂದ ‘ಪೇಪರ್ ಹುಡುಗ’ನೆಂದು ನಾವು ಇಂದಿಗೂ ಕರೆಯುವ ವ್ಯಕ್ತಿ ಬಹುಶಃ ಎರಡು ಮಕ್ಕಳ ತಂದೆ. 2020 ರ ಮಾರ್ಚಿಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ, ಪತ್ರಿಕೆಯಿಂದ ಸೋಂಕು ತಗಲೀತೆಂದು ಹೆದರಿ ಅನೇಕರು ಅದನ್ನು ನಿಲ್ಲಿಸಿದರು. ಅವರ ಆದಾಯ ಕುಸಿಯಿತು. ಆದರೂ ಬೇಕೆಂದವರ ಮನೆಗೆ ಮುಸುಕು ಧರಿಸಿ ಬಂದರು. ನಮ್ಮ ಬಾಗಿಲಿಗೆ ಆಗ ಬರುತ್ತಿದ್ದವರು ಹಾಲಿನವರು, ಪೌರಕಾರ್ಮಿಕರು ಮತ್ತು ಇವರು.

ಕತ್ತಲಲ್ಲಿ, ವೇಗವಾಗಿ ಸಾಗುವ ಲಾರಿಗಳ ನಡುವೆ ಬಳ್ಳಾರಿ ರಸ್ತೆಯನ್ನು ದಾಟುವವರಿಗೆ ಅಪಘಾತದ ಭಯ ನಿತ್ಯದ್ದು. ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯು ಪತ್ರಿಕಾ ವಿತರಕರಿಗಾಗಿ ಯೋಜನೆಯೊಂದನ್ನು ತಂದಿದೆ. ಅಪಘಾತದಲ್ಲಿ ಮರಣ ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರೆಯುತ್ತದೆ. ಚಿಕಿತ್ಸಾ ವೆಚ್ಚಕ್ಕೂ ನೆರವುಂಟು. ಆದರೆ 2021 ರಲ್ಲಿ ಆರಂಭವಾದ ‘ಇ-ಶ್ರಮ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿರಬೇಕು. ವಯಸ್ಸು 16 ರಿಂದ 59 ರೊಳಗಿರಬೇಕು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ ಇಷ್ಟಿದ್ದರೆ ಸಾಕು. ಇದು ಸುಲಭವೆಂದು ತೋರುವುದು ನಮಗೆ. ಮೂರು ಗಂಟೆಗೆ ಎದ್ದು, ಪತ್ರಿಕೆ ಹಂಚಿ, ಹಗಲಿನಲ್ಲಿ ಮತ್ತೊಂದು ಕೆಲಸಕ್ಕೆ ಓಡುವವನಿಗೆ ಯಾರಾದರೂ ಹೇಳಿಕೊಡಬೇಕಾಗುತ್ತದೆ.

ಕ್ರಿಸ್ಮಸ್ ಹಬ್ಬಕ್ಕೆ ಕೇಕಿನ ತುಂಡನ್ನೂ ಕುಸ್ವಾರನ್ನೂ ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿದೆ, ಅದು ಇರಲಿ. ತಿಂಗಳ ಮೊದಲ ವಾರದಲ್ಲೇ ಬಿಲ್ಲಿನ ಹಣ ಕೈಸೇರಿದರೆ ಅವರಿಗೆ ಅದಕ್ಕಿಂತ ಹೆಚ್ಚು ಸಂತೋಷವಾದೀತು. ನೋಂದಣಿಯ ಕಾರ್ಯವನ್ನು ಧರ್ಮಕೇಂದ್ರದ ಯುವಜನರು ವಹಿಸಿಕೊಳ್ಳಬಹುದು. ಭಾನುವಾರದ ಪೂಜೆಯ ಬಳಿಕ ಲ್ಯಾಪ್‌ಟಾಪ್‌ಗಳೊಡನೆ ಎರಡು ಗಂಟೆ ಕುಳಿತರೆ ಒಂದು ಬಡಾವಣೆಯ ವಿತರಕರ ಕೆಲಸ ಮುಗಿದೀತು, ಅವರು ಯಾವ ಮತದವರೇ ಆಗಿರಲಿ. ಒಂದು ಮಾತು: ಭಾನುವಾರ ಪುರವಣಿಗಳ ಹೊರೆ ಹೆಚ್ಚು, ಹಂಚಿಕೆ ಮುಗಿಯುವುದು ತಡ. ಹತ್ತು ಗಂಟೆಯ ನಂತರವೇ ಅವರನ್ನು ಕರೆಯಬೇಕು.