ಜಕ್ಕೂರಿನ ನೊಣಗಳೂ ಬೆಳಗಿನ ನಿದ್ದೆಯೂ

ಆರ್.ಟಿ. ನಗರದ ಯಾವುದೇ ಅಡ್ಡರಸ್ತೆಗೆ ಹೋದರೂ ಒಂದು ಟೈಲರ್ ಅಂಗಡಿ ಕಣ್ಣಿಗೆ ಬೀಳುತ್ತದೆ. ಅಂಥ ಒಂದು ಅಂಗಡಿಯ ಯಜಮಾನರನ್ನು ಊಹಿಸಿಕೊಳ್ಳಿ. ಮದುವೆಯ ದಿನಗಳು ಬಂದವೆಂದರೆ ರಾತ್ರಿ ಹನ್ನೆರಡಾದರೂ ಹೊಲಿಗೆ ಯಂತ್ರ ನಿಲ್ಲುವುದಿಲ್ಲ. ಮಲಗುವಾಗ ಒಂದು ಗಂಟೆ, ಏಳುವಾಗ ಎಂಟೂವರೆ. ಅಷ್ಟರಲ್ಲಿ ಹತ್ತನೇ ತರಗತಿಯ ಮಗಳು ಶಾಲೆಗೆ ಹೊರಟುಹೋಗಿರುತ್ತಾಳೆ. ರಾತ್ರಿ ಇವರು ಮನೆ ಸೇರುವ ಹೊತ್ತಿಗೆ ಅವಳಿಗೆ ನಿದ್ದೆ. ಒಂದೇ ಸೂರಿನ ಕೆಳಗಿದ್ದೂ ಅಪ್ಪ-ಮಗಳಿಗೆ ವಾರಗಟ್ಟಲೆ ಮಾತಿಲ್ಲ. ಸಿಕ್ಕ ಒಂದು ಭಾನುವಾರ “ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದಮ್ಮ, ತಲೆಗೆ ಹತ್ತುತ್ತೆ” ಎಂದು ಬುದ್ಧಿ ಹೇಳಿದರೆ, “ಅಪ್ಪಾ, ನೀವು ಏಳೋದೇ ಎಂಟೂವರೆಗೆ” ಎಂಬ ಉತ್ತರ ಬರುತ್ತದೆ.

ಮಾತು ನಾಟುತ್ತದೆ. ಮಾರನೆಯ ದಿನವೇ ನಾಲ್ಕು ಗಂಟೆಗೆ ಅಲಾರಂ. ಎದ್ದು, ಮುಖ ತೊಳೆದು, ದೀಪ ಹಾಕಿ ಕೂರುತ್ತಾರೆ. ಮೂರು ದಿನ ನಡೆಯುತ್ತದೆ. ನಾಲ್ಕನೆಯ ದಿನ ಮಧ್ಯಾಹ್ನ ಕತ್ತರಿ ಹಿಡಿದಂತೆಯೇ ತೂಕಡಿಕೆ. ಐದನೆಯ ದಿನ ಅಲಾರಂ ಬಾಯಿ ಮುಚ್ಚುತ್ತದೆ. ತನ್ನಲ್ಲಿ ಮನೋಬಲ ಸಾಲದು ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ನೌಕರಿಯಲ್ಲಿರುವವರಿಗೆ ಹಾಜರಿ ಪುಸ್ತಕದ ಭಯವಾದರೂ ಇದೆ. ಸ್ವಂತ ದುಡಿಮೆಯವರಿಗೆ ಅದೂ ಇಲ್ಲ. ಗಿರಾಕಿ ಬಂದದ್ದೇ ಹೊತ್ತು, ಕೆಲಸ ಮುಗಿದದ್ದೇ ರಾತ್ರಿ.

ಮನೋಬಲದ ಮೇಲೆ ತಪ್ಪು ಹೊರಿಸುವ ಮೊದಲು ಆರ್.ಟಿ. ನಗರದಿಂದ ಹೆಬ್ಬಾಳ ದಾಟಿ ಜಕ್ಕೂರಿಗೆ ಹೋಗಿಬರುವುದು ಒಳ್ಳೆಯದು. ಅಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಮಧುರೆಯ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ದಿನಚರಿಯನ್ನು ಅಭ್ಯಾಸ ಮಾಡಿದ್ದ ಎಂ.ಕೆ. ಚಂದ್ರಶೇಖರನ್ ಅವರು ಮುಂದೆ ಈ ಕೇಂದ್ರಕ್ಕೆ ಬಂದರು. ಜೀವಿಗಳ ಒಳಗಿನ ಗಡಿಯಾರದ ಅಧ್ಯಯನ ಇಲ್ಲಿ ಬೇರೂರಿತು. ಇದೇ ಕೇಂದ್ರದ ವಿಜಯ್ ಕುಮಾರ್ ಶರ್ಮ ಮತ್ತು ಸಂಗಡಿಗರು ಮಾಡಿದ ಪ್ರಯೋಗ ಎಂಥವರನ್ನೂ ಯೋಚನೆಗೆ ಹಚ್ಚುವಂಥದ್ದು.

ಬಾಳೆಹಣ್ಣು ಕಳಿತರೆ ಸುತ್ತ ಹಾರಾಡುವ ಪುಟ್ಟ ನೊಣ ಗೊತ್ತಲ್ಲ, ಅದೇ ಡ್ರೊಸೊಫಿಲ. ಕೋಶದಿಂದ ಹೊರಬರಲು ಅದಕ್ಕೂ ಒಂದು ಹೊತ್ತಿದೆ. ಹೆಚ್ಚಿನವು ಹೊರಬರುವುದು ಬೆಳಗಿನ ಜಾವದ ಆಸುಪಾಸು. ಸಂಶೋಧಕರು ಬೆಳಿಗ್ಗೆ ಹೊರಬಂದ ನೊಣಗಳನ್ನು ಒಂದು ಕಡೆ, ಸಂಜೆ ಹೊರಬಂದವನ್ನು ಇನ್ನೊಂದು ಕಡೆ ಬೇರ್ಪಡಿಸಿ, ಆಯಾ ಗುಂಪಿನಲ್ಲೇ ಸಂತಾನ ಬೆಳೆಸುತ್ತಾ ಹೋದರು. 55 ತಲೆಮಾರುಗಳ ನಂತರ ನೋಡಿದರೆ ಬೆಳಗಿನ ವಂಶದಲ್ಲಿ ಬೆಳಿಗ್ಗೆ ಹೊರಬರುವವು ಹೆಚ್ಚಿದ್ದವು, ಸಂಜೆಯ ವಂಶದಲ್ಲಿ ಸಂಜೆಯವು ಹೆಚ್ಚಿದ್ದವು. ಅಷ್ಟೇ ಅಲ್ಲ, ಕಗ್ಗತ್ತಲೆಯಲ್ಲಿಟ್ಟು ಅಳೆದಾಗ ಬೆಳಗಿನ ವಂಶದ ಗಡಿಯಾರ ಒಂದು ಸುತ್ತನ್ನು ಬೇಗ ಮುಗಿಸುತ್ತಿತ್ತು. ಸಂಜೆಯ ವಂಶದ್ದು ನಿಧಾನ. 2007ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಇದೇ ನೊಣದ ಗಡಿಯಾರವನ್ನು ನಡೆಸುವ ವಂಶವಾಹಿಯ ಕೆಲಸಕ್ಕಾಗಿ ಅಮೆರಿಕದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂದದ್ದು ಹಲವರಿಗೆ ನೆನಪಿರಬಹುದು.

ಮನುಷ್ಯರಲ್ಲೂ ಈ ವ್ಯತ್ಯಾಸವಿದೆ. ನಮ್ಮ ಒಳಗಡಿಯಾರದ ಸರಾಸರಿ ಸುತ್ತು 24 ಗಂಟೆ 11 ನಿಮಿಷ ಎಂದು 1999ರಲ್ಲಿ ಹಾರ್ವರ್ಡ್ ತಂಡ ಲೆಕ್ಕ ಹಾಕಿತು. ಅಂದರೆ ಬಿಟ್ಟರೆ ದಿನವೂ ಸ್ವಲ್ಪ ಹಿಂದೆ ಬೀಳುವ ಗಡಿಯಾರ ಇದು. ಅದನ್ನು ದಿನವೂ ಸರಿಪಡಿಸುವುದು ಬೆಳಕು. ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ಕಣ್ಣಿಗೆ ಬಿದ್ದ ಬೆಳಕಿನ ವರ್ತಮಾನ ಅಲ್ಲಿಗೆ ನೇರವಾಗಿ ತಲುಪುತ್ತದೆ.

ಟೈಲರ್ ಯಜಮಾನರ ಎಡವಟ್ಟು ಇರುವುದು ಇಲ್ಲಿಯೇ. ರಾತ್ರಿ ನಿದ್ದೆಯಲ್ಲಿ ದೇಹದ ಉಷ್ಣತೆ ಇಳಿಯುತ್ತಾ ಹೋಗಿ, ರೂಢಿಯಂತೆ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ತೀರ ಕೆಳಗೆ ಬರುತ್ತದೆ. ಆ ಹಂತ ದಾಟಿದ ಮೇಲೆ ಬಿದ್ದ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ. ಮರುದಿನ ಬೇಗ ಎಚ್ಚರವಾಗುತ್ತದೆ. ಅದಕ್ಕೆ ಮೊದಲು ಬಿದ್ದ ಬೆಳಕನ್ನು ದೇಹ ಸಂಜೆಯ ಬೆಳಕೆಂದೇ ತಿಳಿದು ಗಡಿಯಾರವನ್ನು ಇನ್ನಷ್ಟು ಹಿಂದೆ ಸರಿಸುತ್ತದೆ. ಎಂಟೂವರೆಗೆ ಏಳುವವರಿಗೆ ಆ ತಿರುವು ಬರುವುದು ಆರು ಗಂಟೆಯ ಆಸುಪಾಸು. ನಾಲ್ಕಕ್ಕೆ ಎದ್ದು ದೀಪದ ಕೆಳಗೆ ಕೂತರೆ ಬೇಗ ಏಳುವ ಅಭ್ಯಾಸ ಆಗುವುದರ ಬದಲು ತಡವಾಗಿ ಏಳುವುದಕ್ಕೇ ಗೊಬ್ಬರ ಹಾಕಿದಂತೆ! ಪಾಪ, ಅವರು ಮೂರು ದಿನ ತಡೆದುಕೊಂಡದ್ದೇ ಹೆಚ್ಚು.

ಹಾಲಿನ ಬೂತಿನವರು, ಪತ್ರಿಕೆ ಹಂಚುವವರು ನಾಲ್ಕಕ್ಕೆ ಏಳುವುದಿಲ್ಲವೇ ಎಂದು ಕೇಳಬಹುದು. ಏಳುತ್ತಾರೆ. ವರ್ಷಗಟ್ಟಲೆ ಅದನ್ನು ನಿಭಾಯಿಸುವವರ ಮನೆಗಳಲ್ಲಿ ರಾತ್ರಿ ಒಂಬತ್ತಕ್ಕೆಲ್ಲ ದೀಪ ಆರಿರುತ್ತದೆ, ಅದನ್ನೂ ನೋಡಬೇಕು.

ಟೈಲರಿಗೆ ಅದು ಆಗದ ಮಾತು. ಕಚೇರಿ ಮುಗಿಸಿ ಬರುವ ಗಿರಾಕಿಗಳು ಬರುವುದೇ ರಾತ್ರಿ ಎಂಟರ ಮೇಲೆ. ಒಂಬತ್ತೂವರೆಗೆ ಶಟರ್ ಎಳೆದು ಹತ್ತೂವರೆಗೆ ಮಲಗುವುದು ಸಾಧ್ಯವಾದರೆ ಬೆಳಿಗ್ಗೆ ಆರು ಗಂಟೆ ನ್ಯಾಯವಾದ ಗುರಿ. ಎಂಟೂವರೆಯಿಂದ ಆರಕ್ಕೆ ಎರಡೂವರೆ ಗಂಟೆ, ಅಂದರೆ ಹತ್ತು ಕಾಲುಗಂಟೆಗಳು. ಮೂರು ದಿನಕ್ಕೆ ಒಂದು ಕಾಲುಗಂಟೆ ಇಳಿಸಿದರೆ ಒಂದು ತಿಂಗಳು. ಮಲಗುವ ಹೊತ್ತನ್ನೂ ಜೊತೆಗೇ ಇಳಿಸುತ್ತಾ ಬರಬೇಕು. ಎದ್ದ ಕೂಡಲೇ ತಾರಸಿಗೆ ಹೋಗಿ ಅರ್ಧ ಗಂಟೆ ಓಡಾಡಬೇಕು. ಮನೆಯೊಳಗಿನ ಟ್ಯೂಬ್‌ಲೈಟಿನ ಬೆಳಕು ಕೆಲವು ನೂರು ಲಕ್ಸ್ ಆದರೆ, ಹೊತ್ತು ಏರಿದ ಮೇಲೆ ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಕಣ್ಣಿಗೆ ಈ ವ್ಯತ್ಯಾಸ ಅಷ್ಟಾಗಿ ತೋರದು, ಒಳಗಡಿಯಾರಕ್ಕೆ ತೋರುತ್ತದೆ. ಇನ್ನು ರಾತ್ರಿಯ ಕಾಫಿ: ಕುಡಿದ ಕೆಫೀನಿನ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ಎಂಟು ಗಂಟೆಯ ಲೋಟದಲ್ಲಿ ಅರ್ಧ ಲೋಟ ಒಂದು ಗಂಟೆಗೂ ಹೊಟ್ಟೆಯಲ್ಲಿದ್ದಂತೆಯೇ. ರಾತ್ರಿ ಉಳಿದ ಕಟಿಂಗ್ ಕೆಲಸವನ್ನು ಬೆಳಿಗ್ಗೆಗೆ ಇಟ್ಟುಕೊಂಡರೆ ಕತ್ತರಿಯೂ ನೆಟ್ಟಗೆ ಓಡುತ್ತದೆ. ಭಾನುವಾರ ಹತ್ತರವರೆಗೆ ಮಲಗಿದರೆ ಮಾತ್ರ ವಾರದ ಶ್ರಮ ನೀರಿನಲ್ಲಿ ಹೋಮ.

ಮಗಳ ವಿಷಯ ಬೇರೆ. ಹದಿಹರೆಯದಲ್ಲಿ ಒಳಗಡಿಯಾರ ತಾನಾಗಿಯೇ ಹಿಂದೆ ಸರಿಯುತ್ತದೆ. ಸುಮಾರು 20ರ ವಯಸ್ಸಿನವರೆಗೂ ಸರಿಯುತ್ತಲೇ ಹೋಗಿ ಆಮೇಲೆ ತಿರುಗುತ್ತದೆ ಎಂದು 2004ರಲ್ಲಿ ಜರ್ಮನಿಯ ರೋನೆಬರ್ಗ್ ತಂಡ ತೋರಿಸಿತು. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವ ಕೆಲಸದಲ್ಲಿ ನಿದ್ದೆಗೂ ಪಾಲಿದೆ. ಹತ್ತೂವರೆಗೆ ಮಲಗುವ ಹುಡುಗಿಯನ್ನು ನಾಲ್ಕಕ್ಕೆ ಎಬ್ಬಿಸಿದರೆ ಪುಸ್ತಕದ ಮುಂದೆ ಕೂತಿರುವುದು ಅರ್ಧ ಹುಡುಗಿ ಮಾತ್ರ. ತಂದೆ ಆರಕ್ಕೆ ಎದ್ದು, ಅವಳನ್ನು ಆರೂವರೆಗೆ ಎಬ್ಬಿಸಿ, ಶಾಲೆಗೆ ಹೊರಡುವ ಮೊದಲು ಜೊತೆಗೆ ಕೂತು ತಿಂಡಿ ತಿಂದರೆ, ನಾಲ್ಕರ ಉಪದೇಶದಿಂದ ಸಿಗದ ಒಂದು ಗಂಟೆ ಇಬ್ಬರಿಗೂ ಸಿಗುತ್ತದೆ.

ಆರಂಭಕ್ಕೆ ಜನವರಿ ಒಂದನೇ ತಾರೀಕನ್ನು ಗೊತ್ತು ಮಾಡಿಕೊಳ್ಳುವುದು ವಾಡಿಕೆ. ಬೆಂಗಳೂರಿನ ಮಟ್ಟಿಗೆ ಅದು ಅಷ್ಟು ಅನುಕೂಲದ ದಿನವಲ್ಲ. ಹಗಲು ಅತಿ ಚಿಕ್ಕದಿರುವುದು ಡಿಸೆಂಬರಿನಲ್ಲಾದರೂ, ಇಲ್ಲಿ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ಹೊತ್ತಿಗೆ, ಸುಮಾರು 6.45ಕ್ಕೆ. ಮಾರ್ಚ್ ಕೊನೆಗೆ ಅದು 6.20ರ ಆಸುಪಾಸಿಗೆ ಬಂದು, ಜೂನ್ ಮೊದಲಲ್ಲಿ ಆರಕ್ಕೂ ಕೆಲವು ನಿಮಿಷ ಮುಂಚೆಯೇ ಬೆಳಗಾಗುತ್ತದೆ. ಯುಗಾದಿಗೆ ಹಿಡಿದ ಪಟ್ಟು ಸುಲಭ. ಆದರೆ ಟೈಲರ್ ಯಜಮಾನರಿಗೆ ಯುಗಾದಿ ಕಳೆದರೆ ಮದುವೆಯ ಬ್ಲೌಸುಗಳ ರಾಶಿ. ಅವರು ಫೆಬ್ರವರಿಯಲ್ಲೇ ಶುರು ಮಾಡಬೇಕಾದೀತು.