ಕ್ಯಾಮೆರಾ ಕೊಳ್ಳೋಕೆ ಹೋದ್ರೆ ಜೇಬಲ್ಲಿ ನಾಲ್ಕು ರಾಗಿ ಕಾಳು ಇರಲಿ

ಅಂಗಿ ಜೇಬಿಗೆ ಇಳಿಯೋ ಪುಟ್ಟ ಡಿಜಿಟಲ್ ಕ್ಯಾಮೆರಾ ಒಂದನ್ನ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. ಅಂಗಡಿಯವರು ಹೇಳಿದ್ದು ಎರಡೇ ಮಾತು: 20 ಮೆಗಾಪಿಕ್ಸೆಲ್, 12 ಪಟ್ಟು ಜೂಮ್. ಈ ಎರಡು ನಂಬರ್ ನಂಬಿ ನಾನು ಕೆಟ್ಟೆ. ನೀವು ಕೆಡಬೇಡಿ ಅಂತ ಬರೀತಿದ್ದೀನಿ.

ಮನೆ ಹೆಗ್ಗನಹಳ್ಳೀಲಿ, ಹೊಲ ತಾವರೆಕೆರೆ ಕಡೆ. ಮುಸುಕಿನ ಜೋಳದ ಸುಳೀಲಿ ಹುಳ ಕಾಣಿಸ್ತು. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ಕರ್ನಾಟಕದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳುವೋ, ಬೇರೆಯದೋ? ಗುರುತು ಎರಡು: ತಲೆ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ', ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಆ ತಲೆ ಹೆಚ್ಚುಕಮ್ಮಿ ರಾಗಿ ಕಾಳಿನಷ್ಟು. ಜೂಮ್ ಎಳೆದು ಹತ್ತು ಫೋಟೋ ತೆಗೆದೆ. ಎಲ್ಲಾ ಮಸುಕು. ತಿಳಿದವರೊಬ್ಬರಿಗೆ ಕಳಿಸಿದ್ರೆ, "ಯಜಮಾನ್ರೇ, ಇದು ಹುಳಾನೋ ಕಡ್ಡೀನೋ?" ಅಂದ್ರು. ಮೂರು ದಿನ ಹಾಳಾಯ್ತು. ಹುಳ ಸುಳಿಯೊಳಕ್ಕೆ ಇಳೀತು. ಒಳಗೆ ಇಳಿದು ಲದ್ದಿ ಮುಚ್ಕೊಂಡ ಹುಳಕ್ಕೆ ಔಷಧಿ ಸರಿಯಾಗಿ ತಾಗಲ್ಲ.

ಆಮೇಲೆ ಕೂತು ಕಲಿತೆ. ಇಂಥ ಕ್ಯಾಮೆರಾ ಜೂಮ್ ಎಳೆದಾಗ ಹತ್ತಿರದ್ದನ್ನ ಫೋಕಸ್ ಮಾಡಲ್ಲ. ಜೂಮ್ ಪೂರ್ತಿ ಬಿಟ್ಟು, ಹೂವಿನ ಗುರುತಿನ ಮ್ಯಾಕ್ರೋ ಹಾಕಿ, ಹುಳದ ಹತ್ತಿರ ಕೈ ಒಯ್ಯಬೇಕು. ಹಾಗೆ ತೆಗೆದಾಗ 'ವೈ' ಅಕ್ಷರ ಎದ್ದು ಕಾಣ್ತು.

ಮೆಗಾಪಿಕ್ಸೆಲ್ ಕಥೆ ಇನ್ನೊಂದು. ಇಂಥ ಬಹಳಷ್ಟು ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯೋ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರ. ಕಿರುಬೆರಳ ಉಗುರಿಗಿಂತ ಚಿಕ್ಕದು. ಅದರಲ್ಲಿ 20 ಮೆಗಾಪಿಕ್ಸೆಲ್ ತುರುಕೋದು ಅಂದ್ರೆ ಒಂದು ಗುಂಟೇಲಿ ಎಕರೆ ಪೈರು ನೆಟ್ಟ ಹಾಗೆ. ಒಂದೊಂದಕ್ಕೂ ಸಿಗೋ ಬೆಳಕು ಕಮ್ಮಿ. ಬೆಳಗಿನ ಮಬ್ಬಲ್ಲಿ ಚಿತ್ರ ಪುಡಿಪುಡಿ. ಅದನ್ನೂ ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದ್ರೆ ಅದು ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಅಂತ ಕಳಿಸಿ.

"ಫೋನ್ ಸಾಕಲ್ವಾ?" ಅಂತೀರಿ. ಸಾಕಾಗಬಹುದು. ಆದ್ರೆ ಕಮ್ಮಿ ಬೆಲೆಯ ಎಷ್ಟೋ ಫೋನ್‌ಗಳ ಮ್ಯಾಕ್ರೋ ಬರೀ 2 ಮೆಗಾಪಿಕ್ಸೆಲ್, ಹೆಸರಿಗಷ್ಟೇ. ಅದಕ್ಕೂ ಇದೇ ಪರೀಕ್ಷೆ.

ವಿಡಿಯೋದಲ್ಲಿ ಕ್ಯಾಮೆರಾ ಅಳೆಯೋರು ಕಾಫಿ ಲೋಟ, ಸೂರ್ಯಾಸ್ತ, ಚೆಂದದ ಮುಖ ತೋರಿಸಿ ಅಂಕ ಕೊಡ್ತಾರೆ. ನಮ್ಮ ಕೆಲಸ ಸೂರ್ಯಾಸ್ತದ ಜೊತೆ ಅಲ್ಲ. ಕ್ಯಾಮೆರಾ ಕೆಟ್ಟದಲ್ಲ ಸ್ವಾಮಿ, ಅದನ್ನ ಅಳೆಯೋ ಸೇರು ಸರಿಯಿಲ್ಲ.

ಅಂಗಡೀಲಿ ಅಂಗೈ ಮೇಲೆ ರಾಗಿ ಕಾಳು ಇಟ್ಟು ಫೋಟೋ ತೆಗೀರಿ. ಬಿಸಿಲಿಗೆ ಬಂದು ಪರದೆ ಕಾಣುತ್ತಾ ನೋಡಿ. ಕಾಳಿನ ಮೈ ಸ್ಪಷ್ಟವಾಗಿ ಕಂಡರೆ ದುಡ್ಡು ಕೊಡಿ. ಇಲ್ಲದಿದ್ರೆ ಕಾಳು ಜೇಬಿಗೆ ಹಾಕ್ಕೊಂಡು ವಾಪಸ್ ಬನ್ನಿ.